ಮೈಸೂರರಮನೆ ಉಳಿಸಿದ ಪಿಯಾನೊ

ಮೈಸೂರರಮನೆಗೆ ಪಿಯಾನೊ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಸ್ವತಃ ನುಡಿಸುತ್ತಿದ್ದರು. ಆಸ್ಥಾನದ ವೀಣೆ ಶೇಷಣ್ಣನವರು ವೀಣೆಯಷ್ಟಕ್ಕೇ ನಿಲ್ಲದೆ ಪಿಯಾನೊ ಮೇಲೂ ಕೈಯಾಡಿಸಿದವರು. ಬೀದರ, ಭಾಲ್ಕಿ, ಔರಾದ ಕಡೆ ಭಜನೆಯ ಹಾರ್ಮೋನಿಯಂ ಕೇಳಿ ಬೆಳೆದವರಿಗೆ ಇದೆಂಥ ಸಾಹಸವೆಂದು ಕೂಡಲೇ ಹೊಳೆಯುತ್ತದೆ. ಒಂದು ಮನೆ (ಕೀ) ಒತ್ತಿದರೆ ಒಂದೇ ಸ್ವರ. ಮೀಂಡಿಗೆ ಎಳೆಯುವಂತಿಲ್ಲ, ಗಮಕಕ್ಕೆ ಎಡೆಯಿಲ್ಲ. ಹಾರ್ಮೋನಿಯಂನಲ್ಲಾದರೆ ಗಾಳಿ ಇರುವತನಕ ಸ್ವರ ನಿಲ್ಲುತ್ತದೆ. ಪಿಯಾನೊದಲ್ಲಿ ಪುಟ್ಟ ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದಲೇ ಅದು ಕರಗತೊಡಗುತ್ತದೆ. ಹಾಗಾಗಿ ಒಬ್ಬ ವಾದಕನಿಂದ ಇನ್ನೊಬ್ಬನನ್ನು ಬೇರೆ ಮಾಡುವುದು ಬೆರಳಿನ ತೂಕ ಮತ್ತು ಪೆಡಲ್ ತುಳಿಯುವ ಹದ.

ಈ ವ್ಯತ್ಯಾಸಕ್ಕೆ ಕಿವಿಗೊಟ್ಟವರು ಜಯಚಾಮರಾಜ ಒಡೆಯರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದ ಅವರಿಗೆ ಕಛೇರಿಯ ಪಿಯಾನೊ ವಾದಕರಾಗುವ ಆಸೆಯಿತ್ತು. 1940ರಲ್ಲಿ ತಂದೆ, ದೊಡ್ಡಪ್ಪ ನಾಲ್ವಡಿಯವರು ಇಬ್ಬರೂ ತೀರಿಕೊಂಡರು. 21ರ ಹರೆಯದಲ್ಲಿ ಸಿಂಹಾಸನ ಬಂತು, ಆಸೆ ಹಿಂದೆ ಬಿತ್ತು. ಅವರ ತಂಗಿ ವಿಜಯಾದೇವಿ ಮಾತ್ರ ಮುಂದೆ ನ್ಯೂಯಾರ್ಕಿನಲ್ಲಿ ಎಡ್ವರ್ಡ್ ಸ್ಟಾಯರ್‌ಮನ್ ಬಳಿ ಪಿಯಾನೊ ಕಲಿತರು.

ಒಡೆಯರ ಮನಸ್ಸು ಸೆಳೆದದ್ದು ರಷ್ಯದ ಸಂಗೀತ ಸಂಯೋಜಕ, ಪಿಯಾನೊ ವಾದಕ ನಿಕೊಲಾಯ್ ಮೆಟ್ನರ್. ಮಾಸ್ಕೋದಲ್ಲಿ ಕಲಿತು ಲಂಡನ್ನಿನಲ್ಲಿ ನೆಲೆಸಿದ್ದ ಈ ಮುದುಕನನ್ನು ಆಗ ಹೆಚ್ಚಿನವರು ಮರೆತಿದ್ದರು. 1942ರಲ್ಲಿ ಹೃದಯಾಘಾತವೂ ಆಗಿತ್ತು. ಅವರ ಗೆಳೆಯ, ಸಂಯೋಜಕ ರಾಖ್ಮನಿನೋವ್ ಮಾತ್ರ ಜಗತ್ಪ್ರಸಿದ್ಧ. ರಾಖ್ಮನಿನೋವರದು ಅಗಲವಾದ ಅಂಗೈ, ಉದ್ದಕ್ಕೆ ಹಾಡುತ್ತ ಸಾಗುವ ರಾಗದೆಳೆ. ಮೆಟ್ನರರದು ಬೇರೆಯೇ ದಾರಿ. ಮೂರು ನಾಲ್ಕು ಎಳೆ ಒಟ್ಟಿಗೆ ಹೆಣೆದುಕೊಂಡರೂ ಒಂದೊಂದೂ ಬಿಡಿಬಿಡಿಯಾಗಿ ಕೇಳಬೇಕು, ಎಡಗೈ ಒಂದು ಲಯದಲ್ಲಿ ಬಲಗೈ ಇನ್ನೊಂದರಲ್ಲಿ ನಡೆದರೂ ಸಮ ತಪ್ಪಬಾರದು. ಚಪ್ಪಾಳೆಗೆಂದು ನುಡಿಸುವ ಅಬ್ಬರ ಅಲ್ಲಿಲ್ಲ. ಮೊದಲ ಸಲಕ್ಕೆ ಒಲಿಯುವ ಸಂಗೀತವೂ ಅಲ್ಲ. ದೂರದ ಮೈಸೂರಿನಲ್ಲಿ ಕೂತ ತರುಣ ಅರಸರಿಗೆ ಅದು ಒಲಿದದ್ದು ಅವರ ಕಿವಿಯ ದೊಡ್ಡತನ.

ರೆಕಾರ್ಡ್ ಕಂಪನಿ ಎಚ್‌ಎಂವಿಯ ವಾಲ್ಟರ್ ಲೆಗ್ ಮೈಸೂರಿಗೇ ಬಂದರು. ಅರಮನೆಯ ರೆಕಾರ್ಡ್ ಭಂಡಾರ, ಸಾಲು ಗ್ರ್ಯಾಂಡ್ ಪಿಯಾನೊ ಕಂಡು ಬೆರಗಾದದ್ದನ್ನು ಅವರೇ ಬರೆದಿದ್ದಾರೆ. ಮೆಟ್ನರ್ ಕೃತಿಗಳನ್ನು ಮೆಟ್ನರರಿಂದಲೇ ನುಡಿಸಿ ರೆಕಾರ್ಡ್ ಮಾಡುವ ಖರ್ಚನ್ನು ಒಡೆಯರು ಹೊತ್ತರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೂ ಮೂರು ವರ್ಷ, ವರ್ಷಕ್ಕೆ 10,000 ಪೌಂಡ್ ಕೊಡಲು ಒಪ್ಪಿದರು.

1947ರಲ್ಲಿ, 67ರ ವಯಸ್ಸಿನಲ್ಲಿ, ಮೆಟ್ನರ್ ಮೈಕಿನ ಮುಂದೆ ಕೂತರು. 78 ಆರ್‌ಪಿಎಂ ತಟ್ಟೆಯ ಒಂದು ಮುಖಕ್ಕೆ ಹಿಡಿಸುವುದು ನಾಲ್ಕು ನಿಮಿಷ ಚಿಲ್ಲರೆ. ಪಿಯಾನೊ ಮತ್ತು ವಾದ್ಯವೃಂದ ಕೂಡಿ ನುಡಿಸುವ, ಅರ್ಧ ಗಂಟೆ ಮೀರುವ ಕಾನ್ಸರ್ಟೊವನ್ನು ತುಂಡು ತುಂಡಾಗಿ ನುಡಿಸಬೇಕು. ಕತ್ತರಿಸಿ ಜೋಡಿಸುವ ಸೌಕರ್ಯವಿಲ್ಲ. ಒಂದು ಬೆರಳು ಜಾರಿದರೂ ಆ ಮುಖ ಪೂರ್ತಿ ಮತ್ತೆ ಮೊದಲಿನಿಂದ. ಸೋತ ಹೃದಯದ ಆ ಹಿರಿಯರು ಮೂರು ಕಾನ್ಸರ್ಟೊಗಳನ್ನೂ ಹಲವು ಬಿಡಿ ಕೃತಿಗಳನ್ನೂ ಹೀಗೆ ನುಡಿಸಿದರು. ಮೂರನೆಯ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದರು.

1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡರು. ಮುಂದೆ ಜೆಫ್ರಿ ಟೋಜರ್, ಮಾರ್ಕ್-ಆಂಡ್ರೆ ಹ್ಯಾಮೆಲಿನ್ ಅವರಂಥವರು ಈ ಕೃತಿಗಳನ್ನು ಕೈಗೆತ್ತಿಕೊಂಡಾಗ, ಕರ್ತೃ ಸ್ವತಃ ಹೇಗೆ ನುಡಿಸಿದ್ದರೆಂದು ಕೇಳಿ ತಿಳಿಯಲು ಆ ತಟ್ಟೆಗಳಿದ್ದವು.