ಸೂರಿನಿಂದ ಸರೋವರದವರೆಗೆ



ಉತ್ತರ ಕರ್ನಾಟಕದಲ್ಲಿ ‘ಗಟಾರ’ವೆಂದರೆ ಬೀದಿಯ ಬದಿಯ ಚರಂಡಿ. ಶಿಕಾಗೋ, ಡೆಟ್ರಾಯಿಟ್‌ಗಳಲ್ಲಿ ನೆಲೆಸಿದ ನಮಗೆ ‘ಗಟರ್’ ಎಂದರೆ ಸೂರಿನ ಅಂಚಿಗೆ ಹೊಂದಿಸಿದ ತಗಡಿನ ದೋಣಿ. ಈ ನಗರಗಳ ಚರಿತ್ರೆಯನ್ನು ಅವಲೋಕಿಸಿದರೆ, ಮೇಲಿನ ಗಟರೂ ಕೆಳಗಿನ ಗಟಾರವೂ ಒಂದೇ ನೀರಿನ ಎರಡು ಮಜಲುಗಳೆಂಬುದು ತಿಳಿಯುತ್ತದೆ.

ಶಿಕಾಗೋ ಕಟ್ಟಿದ್ದು ಜೌಗು ನೆಲದ ಮೇಲೆ. 1854ರ ಕಾಲರಾ ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ನೇಮಕಗೊಂಡ ಎಂಜಿನಿಯರ್ ಎಲಿಸ್ ಚೆಸ್‌ಬ್ರೋ ಇಳಿಜಾರಿಲ್ಲದ ಆ ನೆಲದ ಮೇಲೆಯೇ ಒಳಚರಂಡಿಗಳನ್ನು ಕಟ್ಟಿಸಿ, ಅವುಗಳ ಮೇಲೆ ಮಣ್ಣು ತುಂಬಿಸಿ ಬೀದಿಗಳನ್ನೇ ಎತ್ತರಿಸಿದನು. ಇಟ್ಟಿಗೆಯ ದೊಡ್ಡ ಹೋಟೆಲುಗಳನ್ನೂ ಜಾಕ್‌ಸ್ಕ್ರೂಗಳಿಂದ ಮೇಲೆತ್ತಲಾಯಿತು. ಮನೆಯ ಕೊಳಚೆಗೂ ಮಳೆಯ ನೀರಿಗೂ ಒಂದೇ ಕೊಳವೆ ಎಂಬುದು ಅಂದಿನ ನಿರ್ಧಾರ. 1900ರಲ್ಲಿ ಕುಡಿಯುವ ನೀರಿನ ಸರೋವರವನ್ನು ಉಳಿಸಲು ನದಿಯ ಹರಿವನ್ನೇ ತಿರುಗಿಸಿದರೂ ಆ ಒಂದೇ ಕೊಳವೆ ಹಾಗೆಯೇ ಉಳಿಯಿತು. 1910ರಿಂದ 1940ರವರೆಗೆ ಎದ್ದ ಸುಮಾರು 80,000 ಬಂಗಲೆಗಳಲ್ಲಿ ಅನೇಕವುಗಳ ಸೂರಿನ ನೀರು ಅದಕ್ಕೇ ಸೇರಿತು.

ಸಾವಿರ ಚದರಡಿಯ ಮಾಡಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 620 ಗ್ಯಾಲನ್ ನೀರಾಗುತ್ತದೆ. ಇಂತಹ ಲಕ್ಷಾಂತರ ಮಾಡುಗಳ ನೀರು ಒಮ್ಮೆಗೇ ಇಳಿದಾಗ ಕೊಳವೆ ತುಂಬಿ, ಕೊಳಚೆ ನದಿಗೆ ಉಕ್ಕುತ್ತದೆ. ಇಲ್ಲವೇ ಬೇಸ್‌ಮೆಂಟಿನೊಳಗೆ ಮರಳುತ್ತದೆ. ಇದಕ್ಕೆ ಪರಿಹಾರವಾಗಿ 1975ರಲ್ಲಿ ಆರಂಭವಾದ ಶಿಕಾಗೋದ ‘ಡೀಪ್ ಟನಲ್’ನ 109 ಮೈಲಿ ಸುರಂಗಗಳು 2006ರಲ್ಲಿ ಪೂರ್ಣಗೊಂಡವು.

ಡೆಟ್ರಾಯಿಟ್‌ನ ಹಳೆಯ ಕೊಳವೆಗಳೂ ಇದೇ ಬಗೆಯವು. 2014ರ ಆಗಸ್ಟ್ 11ರಂದು ಅಲ್ಲಿಯ ವಿಮಾನ ನಿಲ್ದಾಣದಲ್ಲಿ 4.57 ಅಂಗುಲ ಮಳೆಯಾಯಿತು. ಸಾವಿರಾರು ಬೇಸ್‌ಮೆಂಟುಗಳು ಮುಳುಗಿದವು. 2021ರ ಜೂನ್‌ನಲ್ಲಿ ಅದು ಮರುಕಳಿಸಿತು. ಅಷ್ಟು ದೊಡ್ಡ ಪ್ರವಾಹವನ್ನು ಗಟರ್ ಶುಚಿಗೊಳಿಸಿ ತಡೆಯಲಾಗದು, ನಿಜ. ಆದರೆ ಸಾಧಾರಣ ಮಳೆಯಲ್ಲಿ ನಮ್ಮ ಬುನಾದಿಯನ್ನು ಕಾಯುವುದು ಆ ದೋಣಿಯೇ. ತರಗೆಲೆ ಕಟ್ಟಿಕೊಂಡರೆ ನೀರು ಗೋಡೆಯ ಬುಡಕ್ಕೆ ಸುರಿದು ಬಿರುಕುಗಳಲ್ಲಿ ಇಳಿಯುತ್ತದೆ. ಚಳಿಗಾಲದಲ್ಲಿ ಅಲ್ಲಿ ನಿಂತ ನೀರು ಹೆಪ್ಪುಗಟ್ಟಿ, ಅದರ ಭಾರಕ್ಕೆ ದೋಣಿಯೇ ಜಗ್ಗುತ್ತದೆ.

ನಮ್ಮ ಹಿರಿಯರಿಗೆ ಈ ಕೆಲಸ ಹೊಸದಾಗಿರಲಿಲ್ಲ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಆರಂಭವಾದ ಮೇಲೆ ಕರಾವಳಿ, ಮಲೆನಾಡುಗಳಲ್ಲಿ ಹೆಂಚಿನ ಮಾಡು ಹರಡಿತು. ಮುಂಗಾರಿಗೆ ಮುನ್ನ ಮಾಡು ಹತ್ತಿ ಒಡೆದ ಹೆಂಚು ಬದಲಿಸುವುದು, ದರಗು ಗುಡಿಸುವುದು ಮನೆಯ ವಾರ್ಷಿಕ ಕರ್ತವ್ಯವಾಗಿತ್ತು. ಅಡಕೆ ಮರವನ್ನು ಸೀಳಿ ತಿರುಳು ತೆಗೆದ ದೋಣಿಯೂ ಅವರಿಗೆ ಪರಿಚಿತವೇ. ಅಲ್ಲಿ ಗಡುವು ಮುಂಗಾರು, ಇಲ್ಲಿ ಹಿಮ. ನವೆಂಬರಿನಲ್ಲಿ ಎಲೆಯೆಲ್ಲ ಉದುರಿದ ಮೇಲೆ, ಹೆಪ್ಪುಗಟ್ಟುವ ಮೊದಲು ಒಮ್ಮೆ. ಬೇಸಿಗೆಯ ಆರಂಭದಲ್ಲಿ ಮೇಪಲ್ ಬೀಜಗಳು ಉದುರಿದ ಮೇಲೆ ಮತ್ತೊಮ್ಮೆ. ಏಣಿಯನ್ನು ಹಿಡಿಯಲು ಇನ್ನೊಬ್ಬರು ಕೆಳಗಿರಲಿ.

ಸೂರಿನ ನೀರನ್ನು ಒಳಚರಂಡಿಯಿಂದ ಬಿಡಿಸಿ ಹುಲ್ಲುಹಾಸಿಗೆ ಹರಿಸುವಂತೆ ಎರಡೂ ನಗರಗಳು ಇಂದು ಪ್ರೋತ್ಸಾಹಿಸುತ್ತವೆ. ಅದು ಬುನಾದಿಯಿಂದ ದೂರ ಹರಿಯಲಿ, ನೆರೆಯವರ ಅಂಗಳಕ್ಕೆ ನುಗ್ಗದಿರಲಿ. ಚೆಸ್‌ಬ್ರೋ ಒಂದೇ ಕೊಳವೆಯಲ್ಲಿ ಸೇರಿಸಿದ್ದನ್ನು ಸರ್ಕಾರಗಳು ಅಪಾರ ಹಣ ವ್ಯಯಿಸಿ ಸಂಭಾಳಿಸುತ್ತಿವೆ. ನಮ್ಮ ಪಾಲಿನ ನೀರನ್ನಾದರೂ ಅದರಿಂದ ಬೇರ್ಪಡಿಸುವುದು, ನೆಲೆ ನೀಡಿದ ಊರಿಗೆ ನಾವು ಸಲ್ಲಿಸಬಹುದಾದ ಸಣ್ಣ ಋಣಸಂದಾಯ.