ಗೊತ್ತಿರಲಿಲ್ಲ ಎಂಬ ಸುಳ್ಳು

ಪಕ್ಕದ ಮನೆಯಲ್ಲಿ ಅನಾಹುತ ನಡೆದುಹೋದ ಮಾರನೆಯ ದಿನ ಬೀದಿಯವರೆಲ್ಲ ಆಡುವ ಮಾತು ಒಂದೇ: ‘ಅಯ್ಯೋ, ನಮಗೆ ಗೊತ್ತೇ ಇರಲಿಲ್ಲ!’ ರಾತ್ರಿ ಚೀರಾಟ ಕೇಳಿ ಕಿಟಕಿ ಮುಚ್ಚಿಕೊಂಡವರೂ ಅದನ್ನೇ ಹೇಳುತ್ತಾರೆ. ಏಕೆಂದರೆ ಗೊತ್ತಿತ್ತು ಎಂದು ಒಪ್ಪಿಕೊಂಡ ಕೂಡಲೇ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ಹಾಗಾದರೆ ನೀವೇನು ಮಾಡಿದಿರಿ?

ಬೀದಿಯ ಈ ಮಾತನ್ನು ದೊಡ್ಡ ದೊಡ್ಡ ರಾಷ್ಟ್ರಗಳೂ ಆಡುತ್ತವೆ. 1998ರ ಮಾರ್ಚ್ 25ರಂದು ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಆಫ್ರಿಕಾದ ರುವಾಂಡಾಕ್ಕೆ ಬಂದಿಳಿದರು. ರಾಜಧಾನಿ ಕಿಗಾಲಿಯ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡದೆ, ಬದುಕುಳಿದವರನ್ನು ಅಲ್ಲಿಗೇ ಕರೆಸಿ ಮಾತನಾಡಿಸಿದರು. ನಾಲ್ಕು ವರ್ಷಗಳ ಹಿಂದೆ ಅಲ್ಲಿ ನಡೆದ ನರಮೇಧದ ಆಳ ಮತ್ತು ವೇಗ ತಮ್ಮಂತಹ ಕಚೇರಿಗಳಲ್ಲಿ ಕುಳಿತವರಿಗೆ ಪೂರ್ತಿಯಾಗಿ ಅರಿವಾಗಲಿಲ್ಲ ಎಂಬರ್ಥದ ಮಾತು ಹೇಳಿ ವಿಮಾನ ಹತ್ತಿದರು. ಅರಿವಾಗಲಿಲ್ಲವೇ? ಕಡತಗಳು ಬೇರೆಯೇ ಸಾಕ್ಷಿ ಹೇಳುತ್ತವೆ.

ರುವಾಂಡಾ ನಮ್ಮ ಕರ್ನಾಟಕದ ಏಳನೆಯ ಒಂದು ಭಾಗದಷ್ಟಿರುವ, ಬೆಟ್ಟಗಳಿಂದ ತುಂಬಿದ ಪುಟ್ಟ ದೇಶ. ಅಲ್ಲಿನ ಹುಟು ಮತ್ತು ಟುಟ್ಸಿ ಜನ ಆಡುವ ಭಾಷೆ ಒಂದೇ. ಒಂದೇ ಬೆಟ್ಟದ ಮೇಲೆ ಬೇಸಾಯ ಮಾಡಿ, ಒಂದೇ ಚರ್ಚಿಗೆ ಹೋಗಿ, ಪರಸ್ಪರ ಹೆಣ್ಣು ಕೊಟ್ಟು ತಂದವರು. 1930ರ ದಶಕದಲ್ಲಿ ಬೆಲ್ಜಿಯಂನ ವಸಾಹತು ಆಡಳಿತ ಪ್ರತಿಯೊಬ್ಬನ ಗುರುತಿನ ಚೀಟಿಯಲ್ಲಿ ಅವನು ಹುಟುವೋ ಟುಟ್ಸಿಯೋ ಎಂದು ಬರೆಸಿತು. ಅಂದು ಬರೆದ ಒಂದು ಪದ ಅರವತ್ತು ವರ್ಷಗಳ ನಂತರ ಯಾರು ಬದುಕಬೇಕು, ಯಾರು ಸಾಯಬೇಕು ಎಂಬುದನ್ನು ನಿರ್ಧರಿಸಿತು.

1990ರಲ್ಲಿ ದೇಶಭ್ರಷ್ಟ ಟುಟ್ಸಿಗಳ ಬಂಡುಕೋರ ಪಡೆ ಉಗಾಂಡಾದ ಗಡಿ ದಾಟಿ ಬಂದಾಗ ಅಂತರ್ಯುದ್ಧ ಶುರುವಾಯಿತು. 1993ರ ಆಗಸ್ಟ್‌ನಲ್ಲಿ ಶಾಂತಿ ಒಪ್ಪಂದವಾಯಿತು. ಅದನ್ನು ಕಾಯಲು ಕೆನಡಾದ ಸೇನಾಧಿಕಾರಿ ರೋಮಿಯೊ ಡಲೇರ್ ಅವರ ನೇತೃತ್ವದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಬಂತು. ಆದರೆ ಅಷ್ಟರಲ್ಲಾಗಲೇ ಒಂದು ಖಾಸಗಿ ರೇಡಿಯೋ ಕೇಂದ್ರ ಹಾಡು ಹರಟೆಗಳ ನಡುವೆ ಟುಟ್ಸಿಗಳನ್ನು ಜಿರಳೆಗಳೆಂದು ಕರೆಯತೊಡಗಿತ್ತು. ಮನುಷ್ಯನನ್ನು ಕೊಲ್ಲಲು ಕೈ ನಡುಗುತ್ತದೆ. ಜಿರಳೆಯನ್ನು ಹೊಸಕಲು ಯಾರ ಕಾಲೂ ನಡುಗುವುದಿಲ್ಲ. ಯಾವುದೇ ನರಮೇಧ ಮೊದಲು ಮಾತಿನಲ್ಲಿ ನಡೆಯುತ್ತದೆ, ಕತ್ತಿ ಆಮೇಲೆ ಬರುತ್ತದೆ.

1994ರ ಜನವರಿ 11ರಂದು ಡಲೇರ್ ನ್ಯೂಯಾರ್ಕಿನ ವಿಶ್ವಸಂಸ್ಥೆ ಕೇಂದ್ರ ಕಚೇರಿಗೆ ಒಂದು ಫ್ಯಾಕ್ಸ್ ಕಳುಹಿಸಿದರು. ಇಂಟರಹಾಮ್ವೆ ಎಂಬ ಹುಟು ಪಡೆಯ ಒಳಗಿನವನೇ ಒಬ್ಬ ಅವರಿಗೆ ಸುದ್ದಿ ಮುಟ್ಟಿಸಿದ್ದ. ಕಿಗಾಲಿಯ ಟುಟ್ಸಿಗಳ ಪಟ್ಟಿ ತಯಾರಿಸಲು ತನಗೆ ಆದೇಶವಾಗಿದೆ, ಅದು ಅವರನ್ನು ಮುಗಿಸಲಿಕ್ಕೇ ಇರಬೇಕು, ತನ್ನ ಜನ 20 ನಿಮಿಷದಲ್ಲಿ 1000 ಮಂದಿಯನ್ನು ಕೊಲ್ಲಬಲ್ಲರು ಎಂದಿದ್ದ. ಆಯುಧಗಳನ್ನು ಬಚ್ಚಿಟ್ಟ ಜಾಗವನ್ನು ತೋರಿಸಲೂ ಸಿದ್ಧನಿದ್ದ. 36 ತಾಸಿನೊಳಗೆ ದಾಳಿ ಮಾಡಿ ಅವನ್ನು ವಶಪಡಿಸಿಕೊಳ್ಳುವುದಾಗಿ ಡಲೇರ್ ಬರೆದರು. ಬೇಡ, ಅದು ನಿಮಗೆ ಕೊಟ್ಟ ಅಧಿಕಾರದ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ಬಂತು. ರುವಾಂಡಾದ ಅಧ್ಯಕ್ಷರಿಗೂ ಅಮೆರಿಕ, ಫ್ರಾನ್ಸ್, ಬೆಲ್ಜಿಯಂ ರಾಯಭಾರಿಗಳಿಗೂ ವಿಷಯ ತಿಳಿಸಿ ಎಂಬ ಸೂಚನೆಯೂ ಬಂತು. ಅಂದರೆ, ಕೊಲೆ ಶುರುವಾಗುವುದಕ್ಕೆ ಸುಮಾರು ಮೂರು ತಿಂಗಳು ಮೊದಲೇ ಸುದ್ದಿ ತಲುಪಬೇಕಾದಲ್ಲಿಗೆಲ್ಲ ತಲುಪಿತ್ತು.

ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನಾ ಇದ್ದ ವಿಮಾನವನ್ನು ಹೊಡೆದುರುಳಿಸಲಾಯಿತು. ಕೆಲವೇ ತಾಸುಗಳಲ್ಲಿ ಪಟ್ಟಿ ಹಿಡಿದುಕೊಂಡು ಮನೆಮನೆಯ ಬೇಟೆ ಶುರುವಾಯಿತು. ಮರುದಿನ ದೇಶದ ಪ್ರಧಾನಿ ಅಗಾಥೆ ಉವಿಲಿಂಗಿಯಿಮಾನಾ ಕೊಲೆಯಾದರು. ಅವರ ಕಾವಲಿಗೆ ಹೋಗಿದ್ದ ಬೆಲ್ಜಿಯಂನ 10 ಯೋಧರನ್ನೂ ಕೊಂದರು. ಬೆಲ್ಜಿಯಂ ತನ್ನ ಪಡೆಯನ್ನು ವಾಪಸು ಕರೆಸಿಕೊಂಡಿತು. ಕಿಗಾಲಿಯ ಒಂದು ತಾಂತ್ರಿಕ ಶಾಲೆಯಲ್ಲಿ ಆ ಯೋಧರ ಆಸರೆ ನಂಬಿ ಸುಮಾರು 2000 ಜನ ಸೇರಿದ್ದರು. ಏಪ್ರಿಲ್ 11ರಂದು ವಿದೇಶಿಯರನ್ನು ಸುರಕ್ಷಿತವಾಗಿ ಕಳುಹಿಸಿದ ಮೇಲೆ ಯೋಧರ ವಾಹನಗಳು ಹೊರಟುಹೋದವು. ಗೇಟಿನ ಹೊರಗೆ ಮಚ್ಚು ಹಿಡಿದವರು ಕಾಯುತ್ತಿದ್ದರು. ಆ ಜನರಲ್ಲಿ ಬಹುಪಾಲು ಮಂದಿ ಅಂದೇ ಹೆಣವಾದರು.

ಏಪ್ರಿಲ್ 21ರಂದು ಭದ್ರತಾ ಮಂಡಳಿ ಸೇರಿತು. ಸುಮಾರು 2500ರಷ್ಟಿದ್ದ ಶಾಂತಿಪಾಲನಾ ಪಡೆಯನ್ನು 270ಕ್ಕೆ ಇಳಿಸುವ ನಿರ್ಣಯವನ್ನು ಅಂಗೀಕರಿಸಿತು. 5000 ಯೋಧರನ್ನು ಕೊಟ್ಟರೆ ಕೊಲೆ ನಿಲ್ಲಿಸಬಲ್ಲೆ ಎಂದುಕೊಂಡಿದ್ದ ಡಲೇರ್ ಕೊನೆಗೆ ಘಾನಾ, ಟುನೀಸಿಯಾಗಳವರೂ ಸೇರಿದಂತೆ ಸುಮಾರು 450 ಜನರನ್ನು ಕಟ್ಟಿಕೊಂಡು ಉಳಿದರು. ಅದೇ ಏಪ್ರಿಲ್ 21ರಂದು ದಕ್ಷಿಣದ ಮುರಾಂಬಿಯಲ್ಲಿ, ಇನ್ನೂ ಕಟ್ಟಿ ಮುಗಿಯದ ಒಂದು ಶಾಲೆಯಲ್ಲಿ, ಹತ್ತಾರು ಸಾವಿರ ಜನರನ್ನು ಕೊಲ್ಲಲಾಯಿತು. ಆ ವರ್ಷ ಭದ್ರತಾ ಮಂಡಳಿಯ 15 ಕುರ್ಚಿಗಳಲ್ಲಿ ಒಂದರ ಮೇಲೆ ರುವಾಂಡಾ ಸರ್ಕಾರದ ಪ್ರತಿನಿಧಿಯೇ ಕುಳಿತಿದ್ದ. ಕೊಲೆಗಾರನನ್ನೇ ಪಂಚಾಯಿತಿ ಕಟ್ಟೆಯಲ್ಲಿ ಕೂರಿಸಿಕೊಂಡು ನ್ಯಾಯ ಮಾಡಿದ ಹಾಗೆ!

ಆಗ ಜಗತ್ತು ಏನು ನೋಡುತ್ತಿತ್ತು? ಅದೇ ಆಫ್ರಿಕಾದ ಇನ್ನೊಂದು ತುದಿಯಲ್ಲಿ, ಮೇ 10ರಂದು, ನೆಲ್ಸನ್ ಮಂಡೇಲಾ ಅಧ್ಯಕ್ಷರಾಗಿ ಪ್ರಮಾಣ ವಚನ ಸ್ವೀಕರಿಸಿದರು. ಮೇ 21ರಂದು ಸುಷ್ಮಿತಾ ಸೇನ್ ಭುವನ ಸುಂದರಿಯಾದರು. ಆಗಿನ್ನೂ ಶಾಲೆ ಕಾಲೇಜು ಓದುತ್ತಿದ್ದ ನಾವು ಈ ಎರಡೂ ಸುದ್ದಿಗಳಿಗೆ ಸಂಭ್ರಮಿಸಿದ್ದು ನೆನಪಿದೆ. ಸಂಭ್ರಮಿಸಿದ್ದು ತಪ್ಪಲ್ಲ. ಆದರೆ ಅವೇ ದಿನಗಳಲ್ಲಿ ನದಿಗಳಲ್ಲಿ ಹೆಣಗಳು ತೇಲುತ್ತಿದ್ದವು ಎಂಬುದು ನಮ್ಮ ನೆನಪಿನಲ್ಲಿಲ್ಲ. ‘ಬುಡಕಟ್ಟುಗಳ ಕಾದಾಟ’ ಎಂಬ ಎರಡು ಪದಗಳ ಕೆಳಗೆ ಅಷ್ಟೂ ಹೆಣಗಳನ್ನು ಮುಚ್ಚಿಡಲಾಗಿತ್ತು.

ಪದಗಳ ಆಟ ಅಲ್ಲಿಗೇ ನಿಲ್ಲಲಿಲ್ಲ. ‘ಜೆನೊಸೈಡ್’ ಎಂಬ ಪದವನ್ನು 1944ರಲ್ಲಿ ರೂಪಿಸಿದವರು ಪೋಲೆಂಡಿನ ಯಹೂದಿ ನ್ಯಾಯವಾದಿ ರಾಫೆಲ್ ಲೆಮ್ಕಿನ್. ಅವರ ಬಿಡದ ಹೋರಾಟದಿಂದ 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಜನಾಂಗ ಹತ್ಯೆಯ ವಿರುದ್ಧ ಒಡಂಬಡಿಕೆಯನ್ನು ಅಂಗೀಕರಿಸಿತು. ಶಿಕ್ಷಿಸುವುದಷ್ಟೇ ಅಲ್ಲ, ತಡೆಯುವುದೂ ಸಹಿ ಹಾಕಿದ ರಾಷ್ಟ್ರಗಳ ಕರ್ತವ್ಯವೆಂದು ಅದು ಹೇಳುತ್ತದೆ. ಆದ್ದರಿಂದಲೇ 1994ರಲ್ಲಿ ಆ ಪದಕ್ಕೆ ಎಲ್ಲರೂ ಹೆದರಿದರು. ಏಪ್ರಿಲ್ 30ರ ಭದ್ರತಾ ಮಂಡಳಿಯ ಹೇಳಿಕೆಯಲ್ಲಿ ಆ ಪದ ಇರಲಿಲ್ಲ. ಜೂನ್ 10ರಂದು ಅಮೆರಿಕದ ವಿದೇಶಾಂಗ ಇಲಾಖೆಯ ವಕ್ತಾರೆ ‘ಜನಾಂಗ ಹತ್ಯೆಯ ಕೃತ್ಯಗಳು’ ನಡೆದಿವೆ ಎಂದರೇ ಹೊರತು ಜನಾಂಗ ಹತ್ಯೆ ಎನ್ನಲಿಲ್ಲ. ಅಂತಹ ಎಷ್ಟು ಕೃತ್ಯಗಳು ಸೇರಿದರೆ ಒಂದು ಜನಾಂಗ ಹತ್ಯೆಯಾಗುತ್ತದೆ ಎಂದು ಒಬ್ಬ ಪತ್ರಕರ್ತ ಕೇಳಿದ. ಆಕೆಯ ಬಳಿ ಉತ್ತರವಿರಲಿಲ್ಲ. ಆ ದ್ವೇಷದ ರೇಡಿಯೋವನ್ನಾದರೂ ವಿಮಾನದಿಂದ ತಡೆಯಬಹುದೇ ಎಂಬ ಪ್ರಸ್ತಾಪ ಬಂದಾಗ, ಹಾರಾಟಕ್ಕೆ ತಾಸಿಗೆ 8500 ಡಾಲರ್ ಖರ್ಚು ಬೀಳುತ್ತದೆಂದು ಲೆಕ್ಕ ಒಪ್ಪಿಸಿ ಕೈಬಿಟ್ಟರು.

ಮಾನವ ಹಕ್ಕುಗಳ ಸಂಶೋಧಕಿ ಆಲಿಸನ್ ಡೆ ಫೋರ್ಜ್ ಆ ದಿನಗಳಲ್ಲಿ ವಾಷಿಂಗ್ಟನ್ನಿನ ಕಚೇರಿಯಿಂದ ಕಚೇರಿಗೆ ಅಲೆದರು. ನೀವು ಇನ್ನೂ ಜೋರಾಗಿ ಗದ್ದಲ ಎಬ್ಬಿಸಬೇಕು ಎಂಬ ಸಲಹೆ ಶ್ವೇತಭವನದಿಂದ ಸಿಕ್ಕಿತು. ಅಂದರೆ ಸತ್ಯ ಸಾಲದು, ಅದಕ್ಕೆ ಗದ್ದಲದ ಬಲವೂ ಬೇಕು. ದೂರದಲ್ಲಿ ಕುಳಿತು ಪತ್ರಿಕೆ ಓದುವ ನಮ್ಮಂಥವರ ಹೊಣೆ ಶುರುವಾಗುವುದು ಇಲ್ಲೇ ಅಲ್ಲವೇ?

ಹಾಗೆಂದು ಸಾಕ್ಷಿ ಎಂದೂ ಫಲಿಸುವುದಿಲ್ಲ ಎನ್ನಬೇಡಿ. ಏಪ್ರಿಲ್ 14ರಂದು ರೆಡ್ ಕ್ರಾಸ್ ಆಂಬುಲೆನ್ಸಿನಿಂದ ಗಾಯಾಳುಗಳನ್ನು ಹೊರಗೆಳೆದು ಕೊಂದರು. ಕಂಡದ್ದನ್ನು ಬಹಿರಂಗವಾಗಿ ಹೇಳದಿರುವುದು ರೆಡ್ ಕ್ರಾಸಿನ ಹಳೆಯ ಪದ್ಧತಿ. ಈ ಬಾರಿ ಅದು ಆ ಪದ್ಧತಿಯನ್ನು ಮುರಿದು ಜಗತ್ತಿಗೆ ಸಾರಿತು. ಕೊಲೆಗಾರರ ಸರ್ಕಾರಕ್ಕೂ ಮುಜುಗರವಾಯಿತು. ಆಮೇಲೆ ಆಂಬುಲೆನ್ಸುಗಳಿಗೆ ಬಹುಮಟ್ಟಿಗೆ ದಾರಿ ಸಿಕ್ಕಿತು. ಗಟ್ಟಿಯಾಗಿ ಆಡಿದ ಒಂದು ಮಾತು ಇಷ್ಟನ್ನು ಮಾಡಬಲ್ಲದಾದರೆ, ಭದ್ರತಾ ಮಂಡಳಿ ಬಾಯಿ ಬಿಟ್ಟಿದ್ದರೆ ಏನಾಗುತ್ತಿತ್ತು?

ಸೆನೆಗಲ್ ದೇಶದ ಎಂಬಾಯೆ ಡಿಯಾನ್ ಎಂಬ ಮುಸ್ಲಿಂ ಕ್ಯಾಪ್ಟನ್ ವಿಶ್ವಸಂಸ್ಥೆಯ ವೀಕ್ಷಕರಾಗಿದ್ದರು. ಅವರ ಕೈಯಲ್ಲಿ ಆಯುಧವಿರಲಿಲ್ಲ. ನೋಡಿ ವರದಿ ಮಾಡುವುದಷ್ಟೇ ಅವರ ಕೆಲಸ. ಅವರು ನೋಡಿ ಸುಮ್ಮನಿರಲಿಲ್ಲ. ಕೊಲೆಯಾದ ಪ್ರಧಾನಿಯ ಮಕ್ಕಳನ್ನು ಅಡಗಿಸಿ ಪಾರು ಮಾಡಿದರು. ಬಳಿಕ ದಿನವೂ ತಮ್ಮ ಜೀಪಿನಲ್ಲಿ ಒಮ್ಮೆಗೆ ಮೂರು ನಾಲ್ಕು ಜನರನ್ನು ಕೂರಿಸಿಕೊಂಡು, ಕೊಲೆಗಾರರ ತಡೆಗೇಟುಗಳಲ್ಲಿ ನಗುತ್ತಾ ಹರಟುತ್ತಾ, ಸಿಗರೇಟು ಹಂಚುತ್ತಾ ದಾಟಿಸಿದರು. ಹೀಗೆ ನೂರಾರು ಜೀವಗಳು ಉಳಿದವು. ಮೇ 31ರಂದು ಸಿಡಿದ ಒಂದು ಶೆಲ್ ಅವರ ಪ್ರಾಣ ತೆಗೆಯಿತು. ಅವರಿಗಾಗ 36 ವರ್ಷ. ಊರಿಗೆ ಮರಳಲು ಕೆಲವೇ ದಿನಗಳು ಬಾಕಿಯಿದ್ದವು. ಉರ್ದುವಿನಲ್ಲಿ ಸಾಕ್ಷಿಗೆ ‘ಶಾಹಿದ್’ ಎನ್ನುತ್ತೇವೆ, ಹುತಾತ್ಮನಿಗೆ ‘ಶಹೀದ್’. ಎರಡೂ ಒಂದೇ ಅರಬೀ ಧಾತುವಿನಿಂದ ಬಂದ ಪದಗಳು. ಆ ಒಂದೇ ಬೇರು ಏಕೆಂದು ಡಿಯಾನರ ಬದುಕು ನಮಗೆ ತಿಳಿಸಿತು. 2014ರಲ್ಲಿ ಅವರ ಹೆಸರಿನಲ್ಲಿ ಒಂದು ಶೌರ್ಯ ಪದಕವನ್ನು ಸ್ಥಾಪಿಸಿದ್ದು ಅದೇ ಭದ್ರತಾ ಮಂಡಳಿ!

ರುವಾಂಡಾದ ಅಲ್ಪಸಂಖ್ಯಾತ ಮುಸ್ಲಿಮರಲ್ಲಿ ಹಲವರು ತಮ್ಮ ಮನೆ ಮಸೀದಿಗಳಲ್ಲಿ ನೆರೆಯವರನ್ನು ಅಡಗಿಸಿಟ್ಟು ಕಾಪಾಡಿದರು. ನಾವು ಇದನ್ನು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಕಥೆಯನ್ನು ಅಲ್ಲಿಗೇ ನಿಲ್ಲಿಸಿದರೆ ನಮ್ಮ ಸಾಕ್ಷಿ ಕಳ್ಳಸಾಕ್ಷಿಯಾಗುತ್ತದೆ. 1990ರಲ್ಲಿ ‘ಹುಟುಗಳ ಹತ್ತು ಆಜ್ಞೆಗಳು’ ಎಂಬ ವಿಷವನ್ನು ಅಚ್ಚು ಹಾಕಿ ಹಂಚಿದ ‘ಕಂಗೂರಾ’ ಪತ್ರಿಕೆಯ ಸಂಪಾದಕನ ಹೆಸರು ಹಸನ್ ಎನ್‌ಗೆಜೆ. ಆತನೂ ಮುಸ್ಲಿಮನೇ. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆತನನ್ನು ಅಪರಾಧಿಯೆಂದು ಘೋಷಿಸಿತು, ಮೇಲ್ಮನವಿಯ ನಂತರ 35 ವರ್ಷಗಳ ಶಿಕ್ಷೆ ಉಳಿಯಿತು. ತನ್ನ ವಿರುದ್ಧವೇ ಆದರೂ, ತನ್ನ ಬಂಧುಗಳ ವಿರುದ್ಧವೇ ಆದರೂ ಸಾಕ್ಷಿಯನ್ನು ನೇರವಾಗಿ ಹೇಳಬೇಕೆಂಬುದು ನಮಗೆ ಕುರ್‌ಆನ್ ಕಲಿಸಿದ ಪಾಠ. ಪತ್ರಿಕೆಗಳಿಗೆ ಬರೆಯುವ ನಮ್ಮಂಥವರಂತೂ ಆ ಹೆಸರನ್ನು ಮರೆಯಬಾರದು.

ಜುಲೈ ತಿಂಗಳಲ್ಲಿ ಕೊಲೆ ನಿಂತಾಗ ಸತ್ತವರು 8 ಲಕ್ಷವೆಂದು ವಿಶ್ವಸಂಸ್ಥೆ ಹೇಳುತ್ತದೆ, 10 ಲಕ್ಷಕ್ಕೂ ಹೆಚ್ಚೆಂದು ರುವಾಂಡಾ ಹೇಳುತ್ತದೆ. ನಿಲ್ಲಿಸಿದ್ದು ವಿಶ್ವಸಂಸ್ಥೆಯಲ್ಲ, ಟುಟ್ಸಿ ಬಂಡುಕೋರ ಪಡೆಯ ಗೆಲುವು. ಆ ಪಡೆಯ ಕೈಯಿಂದಲೂ ನಾಗರಿಕರ ಹತ್ಯೆಗಳಾದವು. ಡೆ ಫೋರ್ಜ್ ಅದನ್ನೂ ಮುಚ್ಚಿಡದೆ ಬರೆದರು. ಅವರ ಬೃಹತ್ ಗ್ರಂಥ 1999ರಲ್ಲಿ ಬಂತು. ಕಥೆ ಹೇಳಲು ಒಬ್ಬರನ್ನೂ ಉಳಿಸಬೇಡಿ ಎಂಬ ಕೊಲೆಗಾರರ ಆಜ್ಞೆಯೇ ಅದರ ಶೀರ್ಷಿಕೆಯಾಗಿದೆ. ಆದರೆ ಕಥೆ ಹೇಳುವವರು ಉಳಿದರು.

ತಾಂಜಾನಿಯಾದ ಅರೂಷಾದಲ್ಲಿ ಕುಳಿತ ನ್ಯಾಯಮಂಡಳಿಯ ಮುಂದೆ 1997ರಲ್ಲಿ ಒಬ್ಬ ತಾಯಿ ಬಂದಳು. ಅವಳ ಹೆಸರನ್ನು ಗುಟ್ಟಾಗಿಟ್ಟು ‘ಜೆ’ ಎಂಬ ಒಂದೇ ಅಕ್ಷರದಿಂದ ಕರೆದರು. ಕಟಕಟೆಯಲ್ಲಿದ್ದವನು ಟಾಬಾ ಎಂಬ ಊರಿನ ಮುಖ್ಯಸ್ಥ, ಹಿಂದೆ ಶಾಲಾ ಮೇಷ್ಟ್ರಾಗಿದ್ದ ಝಾನ್ ಪೌಲ್ ಅಕಾಯೆಸು. ಆತನ ಮೇಲಿನ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. ಯಾರೂ ಕೇಳದಿದ್ದರೂ ಆ ತಾಯಿ ತನ್ನ ಆರು ವರ್ಷದ ಮಗುವಿನ ಮೇಲಾದ ಅತ್ಯಾಚಾರದ ಬಗ್ಗೆ ಹೇಳಿದಳು. ಪೀಠದಲ್ಲಿದ್ದ ಒಬ್ಬಳೇ ಮಹಿಳೆ, ತಮಿಳು ಮೂಲದ ದಕ್ಷಿಣ ಆಫ್ರಿಕಾದ ನ್ಯಾಯಾಧೀಶೆ ನವನೀತಂ ಪಿಳ್ಳೈ, ಆ ಮಾತನ್ನು ಕಿವಿಗೊಟ್ಟು ಕೇಳಿದರು. ಆರೋಪಪಟ್ಟಿ ಬದಲಾಯಿತು. 1998ರ ಸೆಪ್ಟೆಂಬರ್ 2ರ ತೀರ್ಪು, ಜನಾಂಗ ಹತ್ಯೆಗಾಗಿ ಅಂತರರಾಷ್ಟ್ರೀಯ ನ್ಯಾಯಾಲಯವೊಂದು ನೀಡಿದ ಮೊದಲ ಶಿಕ್ಷೆಗೆ ದಾರಿಯಾಯಿತು. ಅತ್ಯಾಚಾರವೂ ಜನಾಂಗ ಹತ್ಯೆಯ ಆಯುಧವಾಗಬಲ್ಲದೆಂದು ಕಾನೂನು ಮೊದಲ ಬಾರಿಗೆ ಒಪ್ಪಿತು. ಹೇಳುವವಳ ಧೈರ್ಯದಷ್ಟೇ ಕೇಳುವವಳ ಕಿವಿಯೂ ಮುಖ್ಯವೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಮಗೆ ಗೊತ್ತಿಲ್ಲ.

ರುವಾಂಡಾದ ಹಳ್ಳಿಗಳಲ್ಲೂ 2012ರವರೆಗೆ ‘ಗಚಾಚಾ’ ಎಂಬ ನ್ಯಾಯಪಂಚಾಯಿತಿಗಳು ನಡೆದವು. ಹುಲ್ಲಿನ ಮೇಲೆ ಕುಳಿತು ಊರವರೇ ಸಾಕ್ಷಿ ಹೇಳಿದರು, ಊರವರೇ ಕೇಳಿದರು. ಸುಮಾರು 12 ಸಾವಿರ ಪಂಚಾಯಿತಿಗಳು 19 ಲಕ್ಷದಷ್ಟು ಪ್ರಕರಣಗಳನ್ನು ಮುಗಿಸಿದವು. ಅವುಗಳಲ್ಲಿ ಕುಂದುಕೊರತೆಗಳಿದ್ದವು. ಬಂಡುಕೋರ ಪಡೆ ಮಾಡಿದ ಹತ್ಯೆಗಳ ವಿಚಾರಣೆ ಅಲ್ಲಿ ನಡೆಯಲಿಲ್ಲ. ಆದರೂ ಗಂಡನನ್ನು ಕೊಂದು ಎಲ್ಲಿ ಹೂತರೆಂಬುದು ಎಷ್ಟೋ ಹೆಂಗಸರಿಗೆ ತಿಳಿದದ್ದು ಆ ಹುಲ್ಲುಹಾಸಿನ ಮೇಲೆಯೇ.

1999ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯೇ ನೇಮಿಸಿದ ಕಾರ್ಲ್‌ಸನ್ ಸಮಿತಿ ತನ್ನ ವರದಿ ಕೊಟ್ಟಿತು. ಸಂಪನ್ಮೂಲದ ಕೊರತೆ ಮತ್ತು ಮನಸ್ಸಿನ ಕೊರತೆ, ಇವೇ ಸೋಲಿಗೆ ಕಾರಣವೆಂದು ಅದು ಹೇಳಿತು. 2007ರ ಫೆಬ್ರವರಿ 26ರಂದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ, ಬೋಸ್ನಿಯಾದ ಮೊಕದ್ದಮೆಯಲ್ಲಿ, ಇನ್ನೂ ಸ್ಪಷ್ಟವಾಗಿ ಹೇಳಿತು: ಜನಾಂಗ ಹತ್ಯೆಯ ಗಂಭೀರ ಅಪಾಯವಿದೆ ಎಂದು ಒಂದು ರಾಷ್ಟ್ರಕ್ಕೆ ತಿಳಿದ ಕ್ಷಣದಿಂದ, ಅಥವಾ ತಿಳಿದಿರಬೇಕಾಗಿದ್ದ ಕ್ಷಣದಿಂದ, ತಡೆಯುವ ಕರ್ತವ್ಯ ಶುರುವಾಗುತ್ತದೆ. ‘ಗೊತ್ತಿರಲಿಲ್ಲ’ ಎಂಬ ಮಾತು ಅಷ್ಟೊಂದು ಬೆಲೆಬಾಳುವುದು ಇದಕ್ಕಾಗಿಯೇ. ರೊಹಿಂಗ್ಯಾ ಮುಸ್ಲಿಮರ ಪರವಾಗಿ 2019ರಲ್ಲಿ ಪುಟ್ಟ ಗಾಂಬಿಯಾ, ಗಾಝಾದ ಜನರ ಪರವಾಗಿ 2023ರಲ್ಲಿ ದಕ್ಷಿಣ ಆಫ್ರಿಕಾ ಅದೇ ಒಡಂಬಡಿಕೆ ಹಿಡಿದು ಅದೇ ನ್ಯಾಯಾಲಯದ ಬಾಗಿಲು ತಟ್ಟಿದವು. 1994ರಲ್ಲಿ ಫ್ಯಾಕ್ಸ್ ಇತ್ತು. ಈಗ ನಮ್ಮೆಲ್ಲರ ಕಿಸೆಯಲ್ಲಿ ಮೊಬೈಲ್ ಇದೆ. ಹೆಣಗಳ ಚಿತ್ರ ಊಟದ ತಟ್ಟೆಯ ಪಕ್ಕಕ್ಕೇ ಬಂದು ಬೀಳುತ್ತದೆ. ಬೆರಳು ಅದನ್ನು ಸರಿಸಿ ಮುಂದೆ ಹೋಗುತ್ತದೆ.

ಸಾಯುತ್ತಿರುವವರು ನಮ್ಮವರೋ ಬೇರೆಯವರೋ ಎಂದು ನೋಡಿ ಬಾಯಿ ತೆರೆಯುವವನು ಸಾಕ್ಷಿಯಲ್ಲ, ಕಕ್ಷಿದಾರ. ರುವಾಂಡಾದಲ್ಲಿ ಸತ್ತವರಲ್ಲಿ ಬಹುತೇಕರು ಕ್ರೈಸ್ತರು. ಅವರನ್ನು ಜೀಪಿನಲ್ಲಿ ಕೂರಿಸಿಕೊಂಡ ಕ್ಯಾಪ್ಟನ್ ಡಿಯಾನ್ ಅವರ ಗುರುತಿನ ಚೀಟಿ ಕೇಳಲಿಲ್ಲ. ನಾಳೆ ನಮ್ಮ ಬೀದಿಯಲ್ಲಾಗಲಿ ಸಮುದ್ರದಾಚೆಯಾಗಲಿ ಚೀರಾಟ ಕೇಳಿಬಂದಾಗ ನಮಗೆ ಜೀಪು ಇಲ್ಲದಿರಬಹುದು, ಅವರ ಧೈರ್ಯವೂ ಇಲ್ಲದಿರಬಹುದು. ಕಿಟಕಿ ಮುಚ್ಚದಿರುವಷ್ಟು, ಕೇಳಿಸಿದ್ದನ್ನು ಕೇಳಿಸಿತು ಎಂದು ಗಟ್ಟಿಯಾಗಿ ಹೇಳುವಷ್ಟು ಶಕ್ತಿಯಂತೂ ನಮ್ಮಲ್ಲಿ ಪ್ರತಿಯೊಬ್ಬರಿಗೂ ಇದೆ. ನಾಳೆ ನಮ್ಮ ಮಕ್ಕಳು ಕೇಳಿದಾಗ ‘ಗೊತ್ತಿರಲಿಲ್ಲ’ ಎನ್ನುವ ಹಕ್ಕು ನಮಗಿಲ್ಲ.