ಅನ್ವರ್ ಪಾಶಾ: ಏರಿದ ಎತ್ತರ, ಬಿದ್ದ ಆಳ

1908ರ ಕ್ರಾಂತಿಯಿಂದ ಅನ್ವರ್ ಪಾಶಾ ಉಸ್ಮಾನಿಯಾ ತುರ್ಕಿಯ ಜನರ ಕಣ್ಮಣಿಯಾದರು. 1914ರಲ್ಲಿ, 32ರ ಹರೆಯದಲ್ಲೇ ಯುದ್ಧಮಂತ್ರಿಯಾದರು.

ಅದೇ ಡಿಸೆಂಬರಿನಲ್ಲಿ ಸಾರಿಕಾಮಿಶ್‌ನಲ್ಲಿದ್ದ ರಷ್ಯನ್ ಸೇನೆಯ ಮೇಲೆ ದಾಳಿಗೆ ಹೊರಟರು. ಚಳಿಗಾಲದಲ್ಲಿ ಇದು ಬೇಡವೆಂದ ಸೇನಾಪತಿ ಹಸನ್ ಇಝ್ಝತ್ ಪಾಶಾ ಹುದ್ದೆ ಬಿಡಬೇಕಾಯಿತು. ಅನ್ವರ್ ತಾವೇ ಸೇನೆ ನಡೆಸಿದರು. ಹಿಮ, ಹಸಿವು, ಜ್ವರಕ್ಕೆ ಹತ್ತಾರು ಸಾವಿರ ಸೈನಿಕರು ಬಲಿಯಾದರು.

ಮರುವರ್ಷ ಅವರ ಸರಕಾರ ಅರ್ಮೇನಿಯನ್ನರನ್ನು ಊರುಬಿಡಿಸಿತು. ಕೊಲೆ, ಹಸಿವಿಗೆ ಲಕ್ಷಾಂತರ ನಿರಪರಾಧಿಗಳು ಸತ್ತರು.

1918ರಲ್ಲಿ ಯುದ್ಧ ಸೋತಾಗ ಅನ್ವರ್ ದೇಶ ಬಿಟ್ಟು ಓಡಿದರು. 1919ರಲ್ಲಿ ಇಸ್ತಾಂಬುಲಿನ ಸೇನಾ ನ್ಯಾಯಾಲಯ ಅವರ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಿತು. 1922ರಲ್ಲಿ ಇಂದಿನ ತಾಜಿಕಿಸ್ತಾನದಲ್ಲಿ ಕೆಂಪುಸೇನೆಯೊಂದಿಗೆ ಹೋರಾಡುತ್ತಾ ಮಡಿದರು.

ಅವರ ಧೈರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಮ್ಮವರೆಂಬ ಅಭಿಮಾನದಲ್ಲಿ ಈ ಸಾವುಗಳನ್ನು ನಾವು ಮರೆಯಬಾರದು. ಶೂರಾ ತೊರೆದ ನಾಯಕನ ತಪ್ಪಿಗೆ ಬೆಲೆ ತೆತ್ತವರು ಬಡಪಾಯಿಗಳೇ.